ಕಾಲೇಜು ಸೇರಿದ ಮೇಲೂ ಫ್ಯಾನ್‌ಫಿಕ್ಷನ್: ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸ ಬರಹಗಾರರಿಗೆ

ಪಿಯುಸಿ ಮುಗಿಸಿ ಪದವಿಗೆ ಬರುವ ಹುಡುಗ ಹುಡುಗಿಯರಲ್ಲಿ ಬರೆಯುವವರು ಮೇಷ್ಟ್ರುಗಳು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರು ಬರೆಯುವುದು ಕವನವೂ ಅಲ್ಲ, ಪ್ರಬಂಧವೂ ಅಲ್ಲ. ತಮಗೆ ಇಷ್ಟವಾದ ಸಿನಿಮಾ, ಧಾರಾವಾಹಿ, ಕೊರಿಯನ್ ಸೀರಿಯಲ್ಲು, ಇಂಗ್ಲಿಷ್ ಕಾದಂಬರಿಗಳ ಪಾತ್ರಗಳನ್ನು ಎತ್ತಿಕೊಂಡು ಅವಕ್ಕೆ ಹೊಸ ಕಥೆ ಕಟ್ಟುತ್ತಾರೆ. ಇದಕ್ಕೇ ಫ್ಯಾನ್‌ಫಿಕ್ಷನ್ ಅನ್ನುತ್ತಾರೆ. ಮೊಬೈಲಿನಲ್ಲೇ ಟೈಪ್ ಮಾಡಿ, ಕಥೆಯ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಹಾಕುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕಾಲೇಜು ಶುರುವಾಗಿ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಇವರಲ್ಲಿ ಬಹಳಷ್ಟು ಮಂದಿ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ಹೊಸ ಊರು, ಹೊಸ ರೂಮು, ಇಂಟರ್ನಲ್ಸು, ಜೊತೆಗೆ ‘ಇದೆಲ್ಲಾ ಸಣ್ಣ ಹುಡುಗರ ಆಟ’ ಅನ್ನುವ ಅಂಜಿಕೆ. ಬಿಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಹೇಗೆ ಬಿಡದಿರುವುದು, ಅದರಿಂದಲೇ ಮುಂದೆ ನಿಮ್ಮ ಸ್ವಂತ ಕಥೆಗೆ ಹೇಗೆ ಹೋಗುವುದು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಇಂಥದ್ದೇ ಹುಡುಗಿಯೊಬ್ಬಳ ಬಗ್ಗೆ ರೇನ್‌ಬೋ ರೊವೆಲ್ ಎಂಬ ಅಮೆರಿಕದ ಲೇಖಕಿ 2013ರಲ್ಲಿ ‘ಫ್ಯಾನ್‌ಗರ್ಲ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಕ್ಯಾತ್ ಎಂಬ ಹುಡುಗಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ಸೇರುತ್ತಾಳೆ. ಸೈಮನ್ ಸ್ನೋ ಎಂಬ ಮಾಂತ್ರಿಕ ಹುಡುಗನ ಕಥಾಸರಣಿಯ ಮೇಲೆ ಅವಳು ಫ್ಯಾನ್‌ಫಿಕ್ಷನ್ ಬರೆಯುತ್ತಾಳೆ, ಸಾವಿರಾರು ಓದುಗರು ಅವಳ ಕಂತಿಗೆ ಕಾಯುತ್ತಾರೆ. ಆ ಸರಣಿಯೂ ಲೇಖಕಿಯ ಕಲ್ಪನೆಯೇ. ಅವಳಿ ಸೋದರಿ ರೆನ್ ‘ನಾನು ಬೇರೆ ರೂಮಿನಲ್ಲಿರುತ್ತೇನೆ’ ಅನ್ನುತ್ತಾಳೆ, ಊರಲ್ಲಿ ಅಪ್ಪನ ಮನಸ್ಸಿನ ಆರೋಗ್ಯ ಸರಿ ಇಲ್ಲ, ಕಥೆ ಬರೆಯುವುದನ್ನು ಕಲಿಸುವ ಪ್ರಾಧ್ಯಾಪಕಿ ಫ್ಯಾನ್‌ಫಿಕ್ಷನ್ ಅಂದರೆ ಕೃತಿಚೌರ್ಯ ಅನ್ನುತ್ತಾರೆ. ರೂಮು, ಮೇಷ್ಟ್ರು, ಮನೆ. ನಮ್ಮ ಮಕ್ಕಳಿಗೆ ಎದುರಾಗುವ ತೊಡಕುಗಳೂ ಇವೇ. ಆ ಕಾದಂಬರಿ ಓದಿರದಿದ್ದರೂ ಮುಂದಿನದನ್ನು ಪಾಲಿಸಬಹುದು.

ಮೊದಲ ತಿಂಗಳು: ಊಟ, ಜಾಗ, ಹೊತ್ತು

ಹಾಸ್ಟೆಲ್ ಸೇರಿದ ದಿನವೇ ಮೆಸ್ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ತಡವಾದರೆ ಊಟ ಎತ್ತಿಡುತ್ತಾರೋ ಇಲ್ಲವೋ ಎಂದು ಕೇಳಿಕೊಳ್ಳಿ. ಬರವಣಿಗೆಯ ಲೇಖನದಲ್ಲಿ ಊಟದ ಮಾತೇಕೆ ಅನ್ನಿಸಬಹುದು. ಕ್ಯಾತ್ ಊಟದ ಹಾಲ್ ಎಲ್ಲಿದೆ ಎಂದು ಕೇಳಲಾರದೆ ವಾರಗಟ್ಟಲೆ ರೂಮಿನಲ್ಲೇ ಪ್ರೋಟೀನ್ ಬಾರ್, ಶೇಂಗಾ ಬೆಣ್ಣೆ ತಿಂದುಕೊಂಡು ಇರುತ್ತಾಳೆ. ನಮ್ಮ ಹಾಸ್ಟೆಲ್‌ಗಳಲ್ಲೂ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿ ಒಬ್ಬರೇ ತಿಂದು ಮಲಗುವ ಮಕ್ಕಳಿದ್ದಾರೆ. ಹೀಗೆ ಒಳಗೇ ಉಳಿದವರಿಗೆ ಮೊಬೈಲಿನ ಕಥೆ ಅಡಗಿಕೊಳ್ಳುವ ಮೂಲೆಯಾಗುತ್ತದೆ. ಆಮೇಲೆ ಕಥೆಯೂ ಸೊರಗುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಮಾತು, ಮುಖ, ಜಗಳ, ನಗು ಎಲ್ಲ ಹೊರಗಿವೆ. ‘ಅಕ್ಕಾ, ಊಟಕ್ಕ ಹೊಂಟೀರೇನ್ರಿ? ನಾನೂ ಬರ್ತೀನಿ’ ಎಂದು ಸೀನಿಯರ್ ಒಬ್ಬರನ್ನು ಕೇಳಿದರೆ ಸಾಕು.

ಈ ತಿಂಗಳು ಹೊಸ ಧಾರಾವಾಹಿ ಶುರು ಮಾಡಬೇಡಿ. ಅರ್ಧಕ್ಕೆ ನಿಂತದ್ದಿದ್ದರೆ ‘ಕಾಲೇಜು ಸೇರಿದ್ದೇನೆ, ಮುಂದಿನ ಕಂತು ದಸರಾ ರಜೆಯಲ್ಲಿ’ ಎಂದು ಓದುಗರಿಗೆ ತಿಳಿಸಿ. ಯಾವ ಕಾಲೇಜು, ಯಾವ ಊರು ಎಂದು ಬರೆಯಬೇಡಿ. ಹೇಳಿ ನಿಲ್ಲಿಸಿದವರನ್ನು ಓದುಗರು ಕಾಯುತ್ತಾರೆ, ಹೇಳದೆ ಮಾಯವಾದವರನ್ನು ಮರೆಯುತ್ತಾರೆ. ಆದರೆ ದಿನಕ್ಕೆ ಅರ್ಧ ಪುಟವಾದರೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಇವತ್ತು ಯಾರು ಏನಂದರು, ಹೇಗೆ ಅಂದರು, ಅಷ್ಟೇ.

ಊರಿಂದ ದಿನಾ ಓಡಾಡುವವರಿಗೆ ಬಸ್ಸೇ ಬರೆಯುವ ಹೊತ್ತು. ಸಿರುಗುಪ್ಪದಿಂದ ಬಳ್ಳಾರಿಗೆ, ಮಾನ್ವಿಯಿಂದ ರಾಯಚೂರಿಗೆ, ಗಂಗಾವತಿಯಿಂದ ಕೊಪ್ಪಳಕ್ಕೆ ಓಡಾಡುವ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ಹೋಗುವಾಗ ಟೈಪ್ ಮಾಡಲು ಹೋಗಬೇಡಿ, ಆ ರಸ್ತೆಗಳಲ್ಲಿ ಕಣ್ಣು ನೋಯುತ್ತದೆ, ತಲೆ ಸುತ್ತುತ್ತದೆ. ಒಂದು ದೃಶ್ಯವನ್ನು ತಲೆಯಲ್ಲೇ ಓಡಿಸಿ: ಇಬ್ಬರು ಪಾತ್ರಗಳು ಏನು ಮಾತಾಡುತ್ತಾರೆ, ಯಾರು ಮೊದಲು ಸುಮ್ಮನಾಗುತ್ತಾರೆ. ಇಳಿದ ಮೇಲೆ ಹತ್ತು ನಿಮಿಷದಲ್ಲಿ ಗೀಚಿಕೊಳ್ಳಿ. ಸಂಜೆ ಮನೆಗೆಲಸ ಹಂಚಿಕೊಳ್ಳಬೇಕಾದ ಹುಡುಗಿಯರಿಗೆ ಇದು ಬಿಟ್ಟರೆ ಬೇರೆ ಹೊತ್ತು ಸಿಗುವುದು ಕಷ್ಟ ಎಂಬುದು ನನಗೆ ಗೊತ್ತಿದೆ. ಇದನ್ನು ಕಾಪಾಡಿಕೊಳ್ಳಿ.

ಮೊಬೈಲನ್ನು ಬರೆಯಲು ಸಿದ್ಧ ಮಾಡುವುದು

ಕನ್ನಡ ಕೀಬೋರ್ಡ್ ಹಾಕಿಕೊಂಡು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕಾಲೇಜಿನ ಕಂಪ್ಯೂಟರ್‌ಗಳಲ್ಲಿ ಈಗಲೂ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಿರುವುದುಂಟು. ಅದರಲ್ಲಿ ಮಾಡಿದ್ದು ಮೊಬೈಲಿನಲ್ಲಿ ಚಿತ್ರವಿಚಿತ್ರ ಚಿಹ್ನೆಯಾಗಿ ಕಾಣುತ್ತದೆ, ಪರಿವರ್ತಕದಲ್ಲಿ ಹಾಕಿದರೂ ಒತ್ತಕ್ಷರಗಳು ತಪ್ಪುತ್ತವೆ. ಬರೆದದ್ದನ್ನು ಕಥೆ ಹಾಕುವ ಆ್ಯಪ್‌ನೊಳಗೇ ಇಡಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಒಂದು ಪ್ರತಿ, ವಾರಕ್ಕೊಮ್ಮೆ ನಿಮ್ಮದೇ ಇಮೇಲಿಗೆ ಇನ್ನೊಂದು ಪ್ರತಿ. ಬೆರಳು ನೋಯುವವರು ದನಿಯಿಂದ ಟೈಪ್ ಮಾಡುವ ಸೌಲಭ್ಯ ಬಳಸಬಹುದು, ಆದರೆ ಅದು ನಮ್ಮ ಕಡೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತದೆ. ಸಂಭಾಷಣೆಗಳನ್ನು ಕೈಯಾರೆ ಟೈಪ್ ಮಾಡಿ.

ಹೆಸರು ಮತ್ತು ಭದ್ರತೆ

ಕಾವ್ಯನಾಮ ಇಟ್ಟುಕೊಳ್ಳಿ. ಅದರಲ್ಲಿ ಊರಿನ ಹೆಸರು, ಹುಟ್ಟಿದ ವರ್ಷ, ಮನೆತನದ ಹೆಸರು ಬೇಡ. ಕಥೆಗೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ. ಹಾಸ್ಟೆಲ್ ಕಿಟಕಿಯ ಫೋಟೋ, ಬಸ್ ನಿಲ್ದಾಣದ ಬೋರ್ಡು, ಕಾಲೇಜಿನ ಐಡಿ ಕಾರ್ಡಿನ ಪಟ್ಟಿ ಯಾವುದೂ ಪ್ರೊಫೈಲಿನಲ್ಲಿ ಕಾಣಬಾರದು. ‘ನಿಮ್ಮ ಕಥೆ ಬಹಳ ಇಷ್ಟ ಆತು, ನಂಬರ್ ಕೊಡ್ರಿ’ ಎನ್ನುವವರಿಗೆ ನಂಬರ್ ಕೊಡಬೇಡಿ. ನಿಜವಾದ ಓದುಗರು ಕಥೆಯ ಕೆಳಗೇ ಮಾತಾಡುತ್ತಾರೆ.

ಇನ್ನೆರಡು ಗೆರೆಗಳನ್ನು ದಾಟಬೇಡಿ. ಹದಿನೆಂಟು ತುಂಬದ ಪಾತ್ರಗಳ ಮೇಲೆ ಲೈಂಗಿಕ ದೃಶ್ಯ ಬರೆಯಬೇಡಿ, ಮೂಲಕಥೆಯಲ್ಲಿ ಅವರು ಯಾರೇ ಆಗಿರಲಿ. ಬದುಕಿರುವ ನಟ ನಟಿಯರು, ಕ್ರಿಕೆಟ್ ಆಟಗಾರರ ಖಾಸಗಿ ಬದುಕಿನ ಮೇಲೆ ಕಥೆ ಕಟ್ಟಬೇಡಿ. ನಟ ಮಾಡಿದ ಪಾತ್ರದ ಮೇಲೆ ಬರೆಯಬಹುದು, ನಟನ ಹೆಂಡತಿ ಮಕ್ಕಳ ಮೇಲೆ ಬೇಡ. ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ, ಅದಕ್ಕಿಂತ ಮೊದಲು ಇನ್ನೊಬ್ಬರ ಮರ್ಯಾದೆಯ ಪ್ರಶ್ನೆ ಇದೆ.

ಯಾರ ಪಾತ್ರ ಎತ್ತಿಕೊಳ್ಳಬಹುದು

ಕಾಯ್ದೆಯನ್ನು ಒಮ್ಮೆ ತಿಳಿದುಕೊಂಡರೆ ಅಂಜಿಕೆ ಹೋಗುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಲೇಖಕ ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಮತ್ತೆ 60 ವರ್ಷ ಕೃತಿಯ ಹಕ್ಕು ಅವರದು ಮತ್ತು ಅವರ ವಾರಸುದಾರರದು. ಸಿನಿಮಾಕ್ಕೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಈ ಲೆಕ್ಕದಲ್ಲಿ 1942ರಲ್ಲಿ ತೀರಿಕೊಂಡ ಗಳಗನಾಥರು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಮತ್ತು ಟಿ.ಪಿ. ಕೈಲಾಸಂ ಅವರ ಬರಹಗಳು ಈಗ ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೆ ಇರುತ್ತದೆ. ರಾಮಾಯಣ, ಮಹಾಭಾರತ, ಹಳಗನ್ನಡ ಕಾವ್ಯ, ಜನಪದ ಕಥೆಗಳಿಗೆ ಈ ತಡೆ ಇಲ್ಲ. ಆದರೆ ಇತ್ತೀಚಿನವರು ಮಾಡಿದ ಗದ್ಯಾನುವಾದದ ಸಾಲುಗಳನ್ನು ಹಾಗೇ ಎತ್ತಬಾರದು, ಅವು ಅವರವು.

ಹಕ್ಕು ಇನ್ನೂ ಇರುವ ಕಥೆಗಳ ಮೇಲೆ ಬರೆಯಬಾರದೆ? ಫ್ಯಾನ್‌ಫಿಕ್ಷನ್ ಎಂಬ ಹೆಸರಿನ ವಿನಾಯಿತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ದುಡ್ಡು ತೆಗೆದುಕೊಳ್ಳದಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ಆದರೂ ಜಗತ್ತಿನಾದ್ಯಂತ ಅಭಿಮಾನಿಗಳು ಹೀಗೆ ಬರೆಯುತ್ತಲೇ ಬಂದಿದ್ದಾರೆ. ಇಂಥ ಕಥೆಗಳಿಗೆಂದೇ ಅಭಿಮಾನಿಗಳೇ ಕಟ್ಟಿ ನಡೆಸುತ್ತಿರುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಸಂಗ್ರಹಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ (ವೈಜ್ಞಾನಿಕ ಕಥೆ, ಅದ್ಭುತ ಕಥೆಗಳ ಲೋಕದ ದೊಡ್ಡ ಪ್ರಶಸ್ತಿ) ಬಂತು. ನೀವು ಇಷ್ಟು ಮಾಡಿ: ಮೂಲ ಕೃತಿ, ಮೂಲ ಲೇಖಕರ ಹೆಸರನ್ನು ಕಥೆಯ ಮೇಲೆಯೇ ಹಾಕಿ. ಹಾಡಿನ ಸಾಲು, ಪೋಸ್ಟರ್ ಬಳಸಬೇಡಿ. ಇಂಥ ಕಥೆಯನ್ನು ಆ್ಯಪ್‌ನಲ್ಲಿ ದುಡ್ಡು ಕೊಟ್ಟು ಓದುವ ಪ್ರೀಮಿಯಂ ಭಾಗಕ್ಕೆ ಹಾಕಬೇಡಿ, ಮಾರಬೇಡಿ, ಸ್ಪರ್ಧೆಗೆ ಕಳಿಸಬೇಡಿ. ಹಕ್ಕುದಾರರು ತೆಗೆಯಿರಿ ಅಂದರೆ ಅವತ್ತೇ ತೆಗೆಯಿರಿ. ಬೇರೆಯವರು ಇಂಗ್ಲಿಷಿನಲ್ಲಿ ಬರೆದ ಫ್ಯಾನ್‌ಫಿಕ್ಷನ್ ಅನ್ನು ಕನ್ನಡಕ್ಕೆ ಮಾಡಿ ನಿಮ್ಮ ಹೆಸರಿನಲ್ಲಿ ಹಾಕುವುದು ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ.

ನಮ್ಮ ನೆಲದ ಕಥೆಗೆ ಬನ್ನಿ

ಈ ಹೆಜ್ಜೆಯ ಬಗ್ಗೆ ನಾನು ಉದ್ದ ಮಾತಾಡುತ್ತೇನೆ. ನನ್ನ ಮಟ್ಟಿಗೆ ಇಡೀ ಲೇಖನದ ತಿರುಳು ಇದೇ.

ಬೇರೆಯವರ ಪಾತ್ರ ಎತ್ತಿಕೊಂಡು ಕಥೆ ಬದಲಿಸುವುದು ಕನ್ನಡಕ್ಕೆ ಹೊಸತಲ್ಲ, ಕನ್ನಡ ಕಾವ್ಯ ಬೆಳೆದದ್ದೇ ಹಾಗೆ. ಪಂಪ 941ರಲ್ಲಿ ಭಾರತದ ಕಥೆ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಸೇರಿಸಿದ, ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ವಾನರರು ಕೋತಿಗಳಲ್ಲ, ಕಪಿಧ್ವಜ ಹಿಡಿದ ವಿದ್ಯಾಧರರು. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇಂದಿನ ಹುಡುಗರು ‘ಎಯು’ (ಆಲ್ಟರ್ನೇಟ್ ಯೂನಿವರ್ಸ್, ಅಂದರೆ ಮೂಲದ ಲೋಕವನ್ನೇ ಬದಲಿಸಿ ಬರೆಯುವುದು) ಅನ್ನುವ ಬಗೆಯ ಕಥೆ ಇದೇ. ತೊಗಲುಗೊಂಬೆಯವರು ರಾಮಾಯಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕನನ್ನು ತಂದು ನಿಲ್ಲಿಸಿ ಜನರನ್ನು ನಗಿಸುತ್ತಾರೆ. ಆ ಜೋಡಿಗೆ ವಾಲ್ಮೀಕಿಯಲ್ಲಿ ಜಾಗವಿಲ್ಲ, ಗೊಂಬೆಯಾಟದ ಪರದೆಯ ಮೇಲೆ ಇದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಆ ಗೊಂಬೆಗಳಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. ದೊಡ್ಡಾಟದ ಸಾರಥಿ ರಾಜನನ್ನು ಮಾತಿಗೆಳೆಯುತ್ತಾ ಪ್ರಸಂಗದಲ್ಲಿ ಇಲ್ಲದ ಮಾತನ್ನೂ ಸೇರಿಸುತ್ತಾನೆ. ಹಾಗಾಗಿ ನಿಮಗೆ ಯಾರಾದರೂ ‘ಇದು ಸಾಹಿತ್ಯ ಅಲ್ಲ’ ಅಂದರೆ ತಲೆ ತಗ್ಗಿಸುವ ಕಾರಣವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಈ ವರ್ಷ ನೀವು ಬರೆಯುವ ಫ್ಯಾನ್‌ಫಿಕ್ಷನ್‌ಗಳಲ್ಲಿ ಒಂದಾದರೂ ನಮ್ಮ ಮೂರು ಜಿಲ್ಲೆಗಳ ಕಥೆಯ ಮೇಲಿರಲಿ. ಎರಡು ದಾರಿ ಹೇಳುತ್ತೇನೆ.

ಒಂದು, ಕಿಷ್ಕಿಂಧೆ. ಗಂಗಾವತಿಯಿಂದ ಆನೆಗೊಂದಿಗೆ ಬಸ್ಸಿನಲ್ಲಿ ಹೋಗಿ. ಅಂಜನಾದ್ರಿಯ 500ಕ್ಕೂ ಹೆಚ್ಚು ಮೆಟ್ಟಿಲು, ಪಂಪಾ ಸರೋವರ, ವಾಲಿಯ ಹೆಸರು ಹೊತ್ತ ಕೋಟೆ, ನಡುವೆ ಹರಿಯುವ ತುಂಗಭದ್ರೆ, ಎರಡೂ ದಂಡೆಯ ಬಂಡೆಗುಡ್ಡ. ಇದೇ ಕಿಷ್ಕಿಂಧೆ ಎಂದು ಜನ ನಂಬಿಕೊಂಡು ಬಂದಿದ್ದಾರೆ. ಅಲ್ಲಿ ಕೂತು ವಾಲಿಯ ಸಾವನ್ನು ತಾರೆಯ ಕಣ್ಣಿನಿಂದ ನೋಡಿ. ಎರಡನೇ ಸಲ ಸುಗ್ರೀವ ಕೂಗು ಹಾಕಿದಾಗ ಗಂಡನನ್ನು ‘ಹೋಗಬೇಡ’ ಎಂದು ತಡೆದವಳು ಅವಳು. ಅವನು ಹೋದ. ಮರೆಯಿಂದ ಬಂದ ಬಾಣ ಅವನನ್ನು ಉರುಳಿಸಿತು. ಮುಂದೆ ಸುಗ್ರೀವನ ಅರಮನೆಯಲ್ಲೇ ಅವಳು ಬಾಳಬೇಕು, ಮಗ ಅಂಗದ ಅಲ್ಲೇ ಬೆಳೆಯಬೇಕು. ಮೊದಲ ಮಳೆಗಾಲ ಅವಳಿಗೆ ಹೇಗಿತ್ತು? ರಾಮ ಮಳೆ ನಿಲ್ಲಲೆಂದು ಹೊರಗೆ ಗುಡ್ಡದ ಮೇಲೆ ಕಾಯುತ್ತಿದ್ದಾನೆ, ಒಳಗೆ ತಾರೆ ಏನು ಮಾಡುತ್ತಿದ್ದಳು? ನಿಮ್ಮ ಕಥೆಗೆ ಬೇಕಾದ ಸಂದು ಇದೇ.

ಎರಡು, ಕುಮಾರರಾಮ. ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗ, ಬಳ್ಳಾರಿ ಜಿಲ್ಲೆಯ ಕಂಪ್ಲಿ, ಇವೆರಡೂ ಕಂಪಿಲರಾಯನ ರಾಜ್ಯದ ಊರುಗಳು. 1327ರ ಹೊತ್ತಿಗೆ ದೆಹಲಿಯ ತುಘಲಕ್ ಸೈನ್ಯ ಆ ರಾಜ್ಯವನ್ನು ಮುಗಿಸಿತು. ಕಂಪಿಲನ ಮಗ ರಾಮನಾಥನ, ಅಂದರೆ ಕುಮಾರರಾಮನ ಮೇಲೆ ನಂಜುಂಡ ಕವಿ ಸಾಂಗತ್ಯದಲ್ಲಿ ದೊಡ್ಡ ಕಾವ್ಯವನ್ನೇ ಬರೆದ, ಜನಪದರು ಬೇರೆ ಬೇರೆ ರೀತಿ ಹಾಡಿದರು. ಮಲತಾಯಿ ರತ್ನಾಜಿ ಅವನನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳ ಮಾತು ಕೇಳಿ ರಾಯ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡುತ್ತಾನೆ. ಹಾಡುವವರೆಲ್ಲ ರಾಮನಾಥನ ಕಡೆ. ಬೈಚಪ್ಪನ ಮನೆಯಲ್ಲಿ ಈ ಗುಟ್ಟು ಕಾಯ್ದ ಹೆಂಗಸರ ಬಗ್ಗೆ ಒಂದು ಕಥೆ ಬರೆದು ನೋಡಿ. ಬಚ್ಚಿಟ್ಟವನಿಗೆ ದಿನಾ ಅನ್ನ ಒಯ್ದವರು ಯಾರು, ಆ ತಟ್ಟೆಯ ಲೆಕ್ಕ ಅಡುಗೆಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಹೇಗೆ ನಿಭಾಯಿಸಿದರು?

ಮೂಲ ಪಠ್ಯ ಬೇಕಾದರೆ ಕಾಲೇಜು ಗ್ರಂಥಾಲಯದ ಹಳಗನ್ನಡ ಕಪಾಟು, ಜಿಲ್ಲಾ ಕೇಂದ್ರ ಗ್ರಂಥಾಲಯ ನೋಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಜನಪದ ಮಹಾಕಾವ್ಯಗಳನ್ನು ಪ್ರಕಟಿಸಿದೆ, ಅವುಗಳನ್ನೂ ಹುಡುಕಿ. ಊರಿನ ಹಿರಿಯರಲ್ಲಿ ಬಯಲಾಟದ ಪಾತ್ರ ಮಾಡಿದವರಿದ್ದರೆ ಅವರ ಹತ್ತಿರ ಕೂತು ‘ಅಜ್ಜಾ, ನೀವು ಆಡಿದ ಪ್ರಸಂಗದಾಗ ಹೆಂಗಿತ್ತು?’ ಎಂದು ಕೇಳಿ. ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ.

ಕಥೆ ಕೂರಿಸುವ ಬಗೆ

ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಮೂಲದಲ್ಲಿ ಏನಿದೆ ಎಂದು ಬರೆದುಕೊಳ್ಳಿ: ಯಾರು ಯಾರಿಗೆ ಏನಾಗಬೇಕು, ಯಾವ ಘಟನೆ ಮೊದಲು, ಯಾವುದು ಆಮೇಲೆ, ಯಾವ ಮಾತು ಯಾರದು. ಇದನ್ನೇ ಅಭಿಮಾನಿಗಳು ‘ಕ್ಯಾನನ್’ ಅನ್ನುತ್ತಾರೆ. ಇನ್ನೊಂದು ಹಾಳೆಯಲ್ಲಿ ಅಲ್ಲಿ ಏನು ಇಲ್ಲ ಎಂದು ಬರೆಯಿರಿ. ಎರಡು ಘಟನೆಗಳ ನಡುವಿನ ರಾತ್ರಿ, ಹೆಸರಿಲ್ಲದ ದಾಸಿ, ಒಂದೇ ಸಾಲಿನಲ್ಲಿ ಬಂದು ಹೋದ ತಂಗಿ, ಉತ್ತರ ಸಿಗದ ಪ್ರಶ್ನೆ. ಎರಡನೇ ಹಾಳೆಯಿಂದ ಒಂದನ್ನು ಮಾತ್ರ ಆರಿಸಿ. ಒಂದೇ ಕಂತಿನಲ್ಲಿ ಮುಗಿಯುವ ಕಥೆ ಬರೆಯಿರಿ, ಒಂದೂವರೆ ಸಾವಿರ ಪದ ಸಾಕು. ಮೊದಲ ಸೆಮಿಸ್ಟರ್‌ನಲ್ಲಿ ಇಪ್ಪತ್ತು ಕಂತಿನ ಧಾರಾವಾಹಿ ಹಿಡಿದವರು ಪರೀಕ್ಷೆ ಬರುವಷ್ಟರಲ್ಲಿ ಕೈಬಿಡುತ್ತಾರೆ, ಕೈಬಿಟ್ಟ ಕಥೆಯ ಬೇಸರ ಮುಂದಿನ ಕಥೆಯನ್ನೂ ತಡೆಯುತ್ತದೆ.

ಕಥೆ ಜಗಳದ ನಡುವಿನಿಂದಲೋ ಕೆಲಸದ ನಡುವಿನಿಂದಲೋ ಶುರುವಾಗಲಿ. ಬೆಳಗಾಯಿತು, ಹಕ್ಕಿ ಕೂಗಿತು ಎಂಬಲ್ಲಿಂದ ಬೇಡ.

ಸಂಭಾಷಣೆಯಲ್ಲಿ ಧೈರ್ಯ ಮಾಡಿ. ನಮ್ಮ ಮಕ್ಕಳು ಕಥೆ ಬರೆಯುವಾಗ ಧಾರಾವಾಹಿಯವರಂತೆ ಬೆಂಗಳೂರಿನ ಮಾತು ಬರೆಯುತ್ತಾರೆ, ಇದು ನನಗೆ ಬಹಳ ನೋವು ಕೊಡುವ ಸಂಗತಿ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಎಂದು ಹೆಸರಿಸಿದ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳ, ಒಂದು. ಕೊಪ್ಪಳದ ಕಡೆ ‘ಐತಿ’, ರಾಯಚೂರಿನಲ್ಲಿ ‘ಅದ’, ಬಳ್ಳಾರಿ ಪೇಟೆಯಲ್ಲಿ ತೆಲುಗು ಬೆರೆತ ಮಾತು, ರಾಯಚೂರಿನ ಓಣಿಗಳಲ್ಲಿ ಉರ್ದು ಬೆರೆತದ್ದು. ಎಲ್ಲವನ್ನೂ ಒಬ್ಬರ ಬಾಯಲ್ಲಿ ತುರುಕಬೇಡಿ. ಈ ಪಾತ್ರ ಯಾವ ಊರಿನದು ಎಂದು ಮೊದಲು ನಿರ್ಧರಿಸಿ, ಆ ಊರಿನ ಗೆಳತಿಯಿಂದ ಸಂಭಾಷಣೆ ಓದಿಸಿ. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ತಿದ್ದಿ. ನಿರೂಪಣೆ ಸಾದಾ ಕನ್ನಡದಲ್ಲಿರಲಿ, ಓದುಗರಿಗೆ ಸುಲಭ.

ತರಗತಿ ಮತ್ತು ಮೇಷ್ಟ್ರು

ಕ್ಯಾತ್ ತನ್ನ ಫ್ಯಾನ್‌ಫಿಕ್ಷನ್ ಅನ್ನೇ ತರಗತಿಯ ಅಸೈನ್‌ಮೆಂಟ್ ಎಂದು ಕೊಟ್ಟು ಫೇಲಾಗುತ್ತಾಳೆ. ಆ ಪ್ರಾಧ್ಯಾಪಕಿಯ ಮೇಲೆ ಓದುಗರಿಗೆ ಸಿಟ್ಟು ಬರುತ್ತದೆ, ಆದರೆ ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಸ್ವಂತ ಕಥೆ ಕೇಳಿದ ಕಡೆ ಸ್ವಂತ ಕಥೆಯನ್ನೇ ಕೊಡಬೇಕು. ಫ್ಯಾನ್‌ಫಿಕ್ಷನ್‌ನಲ್ಲಿ ಪಾತ್ರವನ್ನು ಓದುಗರಿಗೆ ಪರಿಚಯಿಸುವ ಕೆಲಸ ಮೊದಲೇ ಬೇರೆಯವರು ಮಾಡಿರುತ್ತಾರೆ, ಅದನ್ನು ನೀವು ಕಲಿತಿರುವುದಿಲ್ಲ. ಇನ್ನರ್ಧದಲ್ಲಿ ಅವರು ತಪ್ಪು: ಮೂಲದ ಹೆಸರು ಹೇಳಿ ಬರೆದದ್ದು ಕದ್ದದ್ದಲ್ಲ.

ನಮ್ಮ ಪದವಿ ತರಗತಿಗಳಲ್ಲಿ ಕಥೆ ಬರೆಯಲು ಕಲಿಸುವ ಪಾಠ ಸಿಗುವುದು ಅಪರೂಪ. ಆದರೆ ಕನ್ನಡ ವಿಭಾಗ ಇದೆ, ಕಾಲೇಜಿನ ವಾರ್ಷಿಕ ಸಂಚಿಕೆ ಇದೆ. ಕನ್ನಡ ಮೇಷ್ಟ್ರು ಅಥವಾ ಮೇಡಂ ಬಿಡುವಾಗಿರುವ ಹೊತ್ತು ನೋಡಿ ಹೋಗಿ. ‘ಸರ್, ನಾನು ಕಥಿ ಬರೀತೀನ್ರಿ. ಇದು ತಾರೆ ಬಗ್ಗೆ ಬರೆದದ್ದು, ಮೂಲ ರಾಮಾಯಣದ್ದು. ಪುರುಸೊತ್ತಿದ್ದಾಗ ಓದಿ ಹೇಳ್ತೀರೇನ್ರಿ?’ ಎಂದು ನಾಲ್ಕು ಪುಟ ಕೈಗೆ ಕೊಡಿ. ಮೊಬೈಲ್ ಲಿಂಕ್ ಕಳಿಸಬೇಡಿ. ಕಾಗದದ ಮೇಲೆ ಇದ್ದರೆ ಅವರು ಪೆನ್ನು ಹಿಡಿದು ಓದುತ್ತಾರೆ, ತಿದ್ದಿದ್ದು ನಿಮ್ಮ ಕೈಗೆ ಬರುತ್ತದೆ. ಒಬ್ಬರು ಕೈಯಾಡಿಸಿ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಇತಿಹಾಸದ ಮೇಷ್ಟ್ರಿಗೆ ಕುಮಾರರಾಮನ ವಿಷಯ ಕನ್ನಡ ಮೇಷ್ಟ್ರಿಗಿಂತ ಹೆಚ್ಚು ಗೊತ್ತಿರಬಹುದು.

ಓದುಗರು

ಹಾಕುವ ಮೊದಲು ಒಬ್ಬರಿಂದ ಓದಿಸಿ, ಅಭಿಮಾನಿಗಳ ಲೋಕದಲ್ಲಿ ಅವರನ್ನು ಬೀಟಾ ಅನ್ನುತ್ತಾರೆ. ‘ಹೆಂಗೈತಿ?’ ಎಂದು ಕೇಳಿದರೆ ‘ಚಲೋ ಐತಿ’ ಅನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ‘ಎಲ್ಲಿ ಓದೋದು ಬಿಡಬೇಕು ಅನ್ನಿಸ್ತು? ಯಾರು ಮಾತಾಡಿದ್ದು ಅಂತ ಎಲ್ಲಿ ಗೊತ್ತಾಗ್ಲಿಲ್ಲ?’ ಎಂದು ಕೇಳಿ. ಕೆಟ್ಟ ರಿವ್ಯೂ ಬಂದರೆ ಒಂದು ರಾತ್ರಿ ಕಳೆಯುವವರೆಗೆ ಉತ್ತರ ಬರೆಯಬೇಡಿ. ಬೈಗುಳವಿದ್ದರೆ ಬ್ಲಾಕ್ ಮಾಡಿ, ವಾದ ಬೇಡ. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ನೋಟಿಫಿಕೇಶನ್ ತೆಗೆದುಬಿಡಿ.

ಮನೆಯಿಂದ ಫೋನ್ ಬಂದಾಗ

ಕಾದಂಬರಿಯಲ್ಲಿ ಅಪ್ಪನ ಆರೋಗ್ಯ ಕೆಟ್ಟಾಗ ಕ್ಯಾತ್ ಕಾಲೇಜನ್ನೇ ಬಿಡಬೇಕೆಂದು ಯೋಚಿಸುತ್ತಾಳೆ. ನಮ್ಮಲ್ಲಿ ಇದಕ್ಕೆ ಬೇರೆ ಬೇರೆ ಮುಖಗಳಿವೆ: ಮಳೆ ಕೈಕೊಟ್ಟ ವರ್ಷ, ದುಡಿಯಲು ಬೆಂಗಳೂರಿಗೆ ಹೋದ ಅಪ್ಪ ಅವ್ವ, ‘ಮದುವಿ ಮಾಡಿಬಿಡೋಣ’ ಎನ್ನುವ ಮಾವ, ಮಾತು ನಿಲ್ಲಿಸಿದ ಅಕ್ಕ. ಇಂಥ ಹೊತ್ತಿನಲ್ಲಿ ಬರವಣಿಗೆ ಆಸರೆಯಾಗುತ್ತದೆ, ಆದರೆ ಅದೊಂದೇ ಸಾಲದು. ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮನೆಯವರಲ್ಲಿ ಯಾರಿಗಾದರೂ ಹೀಗಾಗಿದ್ದರೂ ಅವರಿಗಾಗಿ ನೀವು ಕರೆ ಮಾಡಬಹುದು. ಮನೆಯ ನೋವನ್ನು ಕಥೆಯಾಗಿ ಬರೆಯಿರಿ, ಆದರೆ ಅಪ್ಪನೋ ಅಕ್ಕನೋ ಗುರುತು ಸಿಗುವಂತಿದ್ದರೆ ಅದನ್ನು ಎಲ್ಲೂ ಹಾಕದೆ ಇಟ್ಟುಕೊಳ್ಳಿ.

ಸ್ವಂತ ಕಥೆ

ಎರಡನೇ ಸೆಮಿಸ್ಟರ್ ಶುರುವಾದಾಗ ಒಂದು ಪ್ರಯೋಗ ಮಾಡಿ. ನೀವು ಬರೆದ ಫ್ಯಾನ್‌ಫಿಕ್ಷನ್‌ಗಳಲ್ಲಿ ನಿಮಗೆ ತೀರಾ ಇಷ್ಟವಾದದ್ದನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಮೂಲ ಲೇಖಕರು ಕೊಟ್ಟದ್ದಕ್ಕೆಲ್ಲ ಕೆಂಪು ಗೆರೆ ಎಳೆಯಿರಿ: ಹೆಸರು, ಊರು, ಮಾಂತ್ರಿಕ ಶಕ್ತಿ, ಹಿಂದಿನ ಕಥೆ. ಗೆರೆ ಬೀಳದೆ ಉಳಿದದ್ದು ನಿಮ್ಮದು. ಬಹುತೇಕ ಇಬ್ಬರ ನಡುವಿನ ಒಂದು ಸಂಬಂಧ ಉಳಿದಿರುತ್ತದೆ. ಗುಟ್ಟು ಕಾಯುವ ಹೆಂಗಸು, ಮಾತು ಬಿಟ್ಟ ಗೆಳೆಯರು, ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವ ಅಣ್ಣ. ಆ ಸಂಬಂಧಕ್ಕೆ ಈಗ ನಿಮ್ಮೂರಿನ ಮನೆ ಕೊಡಿ. ಅನ್ನ ಒಯ್ಯುವ ಬೈಚಪ್ಪನ ಮನೆಯ ಹೆಂಗಸು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಅವ್ವ ಆಗಬಹುದು, ಬಚ್ಚಿಟ್ಟವನು ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಓಡಿಬಂದ ಅಕ್ಕನ ಮಗ ಆಗಬಹುದು. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳು, ಶಕ್ತಿನಗರದ ಚಿಮಣಿ, ಸಿಂಧನೂರಿನ ಭತ್ತದ ಗದ್ದೆ, ಸಂಡೂರಿನ ಕೆಂಪು ಧೂಳು, ಕಿನ್ನಾಳದ ಗೊಂಬೆ ಮಾಡುವವರ ಅಂಗಳ. ಇವುಗಳಲ್ಲಿ ನೀವು ಕಂಡದ್ದನ್ನು ಮಾತ್ರ ಬರೆಯಿರಿ.

ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ಈ ಪಾತ್ರಕ್ಕೆ ಏನು ಬೇಕು, ಏನು ಅಂಜಿಕೆ, ಮನೆಯಲ್ಲಿ ಅವರ ಮಾತನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ನೀವೇ ಕಟ್ಟಬೇಕು. ನಿಧಾನವಾಗುತ್ತದೆ. ಫ್ಯಾನ್‌ಫಿಕ್ಷನ್‌ನಲ್ಲಿ ಒಂದು ವಾರಕ್ಕೆ ಮುಗಿಯುತ್ತಿದ್ದದ್ದು ಇಲ್ಲಿ ತಿಂಗಳು ಹಿಡಿಯುತ್ತದೆ. ಅದಕ್ಕೆ ಗಾಬರಿ ಬೇಡ, ಎರಡನ್ನೂ ಜೊತೆಯಲ್ಲೇ ಬರೆಯುತ್ತಾ ಹೋಗಿ.

ಮುಗಿದ ಕಥೆಯನ್ನು ಮೊದಲು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ. ಇನ್ನೊಂದು ಬರೆದ ಮೇಲೆ ಪತ್ರಿಕೆಗಳಿಗೆ ಕಳಿಸಿ. ‘ಮಯೂರ’, ‘ಸುಧಾ’ ಕಥೆ ಪ್ರಕಟಿಸುತ್ತವೆ, ‘ಪ್ರಜಾವಾಣಿ’ ದೀಪಾವಳಿ ವಿಶೇಷಾಂಕಕ್ಕೆ ಕಥಾಸ್ಪರ್ಧೆ ನಡೆಸುತ್ತದೆ. ಪ್ರಕಟಣೆ ಬಂದಾಗ ಪದಮಿತಿ, ಕೊನೆಯ ದಿನಾಂಕ ನೋಡಿಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ಹಾಕಿದ ಕಥೆಯನ್ನು ಪ್ರಕಟವಾದದ್ದು ಎಂದು ಪರಿಗಣಿಸುವವರಿದ್ದಾರೆ, ಆದ್ದರಿಂದ ಸ್ಪರ್ಧೆಗೆಂದು ಬರೆದದ್ದನ್ನು ಎಲ್ಲೂ ಹಾಕಬೇಡಿ. ಒಂದೇ ಕಥೆಯನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ. ಕಳಿಸಿದ ದಿನಾಂಕ, ಪತ್ರಿಕೆಯ ಹೆಸರು, ಕಥೆಯ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ, ಉತ್ತರಕ್ಕೆ ಕಾಯುತ್ತಲೇ ಮುಂದಿನ ಕಥೆ ಶುರು ಮಾಡಿ.